ಚಿತ್ರಭಾನುವಿನ ಏಳು ಕಾಯಿ

ಕವಡೆಗೆ ನೆನಪಿಲ್ಲ. ಹೊನ್ನಾಳಿಯ ಪೇಟೆ ಬೀದಿಯಲ್ಲಿ, ಬಾಗಿಲು ಮುಚ್ಚಿಹೋದ ಒಂದು ದಿನಸಿ ಅಂಗಡಿಯ ಜಗಲಿಯ ಮುಂದೆ ನಿಂತು ಈ ಮಾತನ್ನು ನಾನು ಬೇಕಾದಷ್ಟು ಸಲ ಹೇಳಿದ್ದೇನೆ. ಈಗಲೂ ಹೇಳುತ್ತೇನೆ. ಕವಡೆ ಅಂಗಾತ ಬೀಳಲಿ, ಬೋರಲು ಬೀಳಲಿ, ಅದಕ್ಕೆ ಕಾರಣ ಎಸೆದವನ ಕೈ ಮತ್ತು ಕಲ್ಲಿನ ಉಬ್ಬುತಗ್ಗು. ಹತ್ತು ವರ್ಷದ ಹಿಂದೆ ಯಾರು ಯಾರ ಕಾಲು ಹಿಡಿದರು ಎಂಬುದು ಅದಕ್ಕೆ ಗೊತ್ತಿರಲು ಸಾಧ್ಯವಿಲ್ಲ. ಕಾಲೇಜಿನ ಚರ್ಚಾಕೂಟದಲ್ಲಿ ಇಂಥ ಮಾತಿಗೆ ಮೇಜು ಕುಟ್ಟಿ ಮೆಚ್ಚುತ್ತಿದ್ದರು. ಜಗಲಿಯ ಮೇಲೆ ಕೂತವರು ಮಾತ್ರ ತಲೆ ಎತ್ತದೆ, "ಬೆಳಕಿಗೆ ಅಡ್ಡ ನಿಂತೀಯ, ಅತ್ತಾಗೆ ಸರಿಯಪ್ಪ" ಎನ್ನುತ್ತಿದ್ದರು.

ಅವರು ಆಡುತ್ತಿದ್ದ ಆಟ ಯಾವುದೆಂದು ಮೊದಲು ಹೇಳಿಬಿಡಬೇಕು. ಇಲ್ಲದಿದ್ದರೆ ಅಣ್ಣನ ವಿಷಯ ಅರ್ಥವಾಗುವುದಿಲ್ಲ.

ನಮ್ಮೂರಿಗೊಂದು ಕಬಡ್ಡಿ ತಂಡವಿತ್ತು. ಸಂಕ್ರಾಂತಿ ಕಳೆದು, ಹೊಳೆಯ ನೀರು ಇಳಿದು, ದಂಡೆಯ ಮರಳು ಮೇಲೆ ಕಾಣಿಸಿಕೊಂಡಾಗ ಏಳು ಜನರ ತಂಡ ಕಟ್ಟುವುದು. ನ್ಯಾಮತಿ, ಚನ್ನಗಿರಿ, ಜಗಳೂರು, ಈ ಮೂರೂರಿನವರ ಮೇಲೆ ಆಡುವುದು. ಯುಗಾದಿಯೊಳಗೆ ಎಲ್ಲ ಮುಗಿಸುವುದು. ಪ್ರತಿ ವರ್ಷದ ತಂಡವನ್ನೂ ಆ ಸಂವತ್ಸರದ ಹೆಸರು ಹಿಡಿದೇ ಕರೆಯುವ ರೂಢಿ ಹೇಗೋ ಬಂದುಬಿಟ್ಟಿತ್ತು. ಯುವದ ತಂಡ, ಈಶ್ವರದ ತಂಡ, ವಿಕ್ರಮದ ತಂಡ. ಇದರಿಂದ ಆಗುತ್ತಿದ್ದ ಅನಾಹುತ ಒಂದೆರಡಲ್ಲ. ಯುವ ಸಂವತ್ಸರದಲ್ಲಿ ಆಡಿದವರು ಈಗ ಹೊಟ್ಟೆ ಬೆಳೆಸಿಕೊಂಡು ಅಂಗಡಿಯ ಗಲ್ಲಾಪೆಟ್ಟಿಗೆಯ ಹಿಂದೆ ಕೂತಿದ್ದರೂ ಊರಿನವರ ಮಟ್ಟಿಗೆ ಅವರೇ ಎಂದೆಂದಿಗೂ ಯುವಕರು. ವಿಕ್ರಮದವರು ಮೂರೂ ಕಡೆ ಸೋತು ಬಂದಿದ್ದರು. ಆದರೂ, ಅಂಥ ಹೆಸರಿನವರು ಸೋತಿದ್ದಾರೆಂದರೆ ಎದುರಾಳಿಗಳು ಏನೋ ಮೋಸ ಮಾಡಿರಬೇಕು ಎಂದು ಊರೇ ನಂಬಿತ್ತು. ಪಂಚಾಂಗದವರು ಹೆಸರಿಟ್ಟಿದ್ದು ವರ್ಷಕ್ಕೆ, ತೊಡೆಗಲ್ಲ ಎಂದು ನಾನು ಹೇಳಿದರೆ, ಮೊದಲು ನಿನಗೆ ತೊಡೆ ಬರಲಿ ಎಂದು ನಗುತ್ತಿದ್ದರು. ನನ್ನ ಮೈಕಟ್ಟು ಹಾಗಿತ್ತು. ತಪ್ಪು ಹೇಳುವಂತಿರಲಿಲ್ಲ.

ಎಲ್ಲ ತಂಡಗಳಲ್ಲಿ ದೊಡ್ಡದು ಯಾವುದು? ಇದು ಸಂಜೆಯ ಜಗಳ. ಯುವದವರೋ ಈಶ್ವರದವರೋ? ಸತ್ತ ವರ್ಷಗಳನ್ನು ಮರಳಿನ ಮೇಲೆ ಇಳಿಸುವುದು ಹೇಗೆ? ಆ ತಂಡಗಳನ್ನೆಲ್ಲ ಪಳಗಿಸಿದ್ದ ಡ್ರಿಲ್ ಮೇಷ್ಟ್ರು ನೌಕರಿಯಿಂದ ನಿವೃತ್ತರಾದ ಮೇಲೆ ಇದಕ್ಕೊಂದು ದಾರಿ ಕಂಡುಹಿಡಿದರು. ಜಗಲಿಯ ಚಪ್ಪಡಿಯ ಮೇಲೆ ಮೊಳೆಯಲ್ಲಿ ಒಂದು ದೊಡ್ಡ ಚೌಕಾಬಾರದ ಮನೆ ಗೀಚಿದರು. ಒಂದು ಸಂವತ್ಸರದ ಏಳು ಜನರಿಗೆ ಏಳು ಗಜ್ಜುಗದ ಕಾಯಿ, ಇನ್ನೊಂದರ ಏಳು ಜನರಿಗೆ ಏಳು ಗೋಟಡಿಕೆ. ಯಾವ ಕಾಯಿ ಯಾರೆಂದು ತಿಳಿಯಲು ಮೇಲೆ ಕೊರೆದ ಗುರುತು. ಉಳಿದದ್ದು ಹೆಂಗಸರು ಮನೆಯಲ್ಲಿ ಆಡುವ ಆಟವೇ: ಕವಡೆ ಎಸೆಯುವುದು, ಬಿದ್ದಷ್ಟು ಮನೆ ನಡೆಸುವುದು, ಎದುರಿನ ಕಾಯಿ ಸಿಕ್ಕರೆ ಕಡಿಯುವುದು, ಕಡಿಸಿಕೊಂಡದ್ದು ಮತ್ತೆ ಹೊರಟ ಮನೆಗೆ ಬರುವುದು, ಸುತ್ತು ಮುಗಿಸಿ ನಡುಮನೆ ಸೇರಿದ್ದು ಹಣ್ಣಾಗುವುದು. ಉಸಿರು ಗಟ್ಟಿಯಿದ್ದವನಿಗೆ ಒಂದು ಎಸೆತ ಹೆಚ್ಚು. ಮೂಲೆ ಕಾಯುವುದರಲ್ಲಿ ಹೆಸರಾದವನನ್ನು ಮೂಲೆಯ ಮನೆಯಲ್ಲಿ ಕಡಿಯುವಂತಿಲ್ಲ. ಯಾರಿಗೆ ಯಾವ ರಿಯಾಯಿತಿ ಎಂಬ ಚರ್ಚೆ ಆಟಕ್ಕಿಂತ ಉದ್ದವಾಗುತ್ತಿತ್ತು. ಯುವದಲ್ಲೂ ಈಶ್ವರದಲ್ಲೂ ಆಡಿದ್ದ ಬೆಲ್ಲದ ವ್ಯಾಪಾರಿಯೊಬ್ಬರು ಒಂದು ಸಂಜೆ ಗಜ್ಜುಗವಾಗಿ ಬಂದು ಗೋಟಡಿಕೆಯಾಗಿದ್ದ ತಮ್ಮನ್ನೇ ಕಡಿದುಕೊಂಡರು. ಸಿಟ್ಟಾಗಿ ಕೆಲವು ದಿನ ಜಗಲಿಯ ಕಡೆ ತಲೆ ಹಾಕಲಿಲ್ಲ.

ಮೇಷ್ಟ್ರು ಒಂದು ಕಟ್ಟುನಿಟ್ಟು ಮಾಡಿದ್ದರು. ಆಡೋನ್ನ ಆಡಿಸಬಾರದು. ಎಂದರೆ, ಇನ್ನೂ ಮರಳಿಗೆ ಇಳಿಯುತ್ತಿರುವವನ ಕಾಯಿಯನ್ನು ಕಲ್ಲಿನ ಮೇಲೆ ಇಡಬಾರದು. ಅವನ ಆಟ ಪೂರ್ತಿ ಮುಗಿದ ಮೇಲೆ, ಅವನಿದ್ದ ಹಳೆಯ ತಂಡಗಳು ಕಲ್ಲಿಗೆ ಬರಬಹುದು. ಮೊದಲೊಮ್ಮೆ ಯಾರದೋ ಕಾಯಿ ಕಡಿದ ವಾರದಲ್ಲಿ ಅವನು ನಿಜವಾಗಿಯೂ ಕೈ ಮುರಿದುಕೊಂಡನಂತೆ. ಕಾಕತಾಳೀಯಕ್ಕೆ ಕಾನೂನು ಮಾಡುವ ಜನ ಎಂದು ನಾನು ಇದನ್ನೂ ಹಾಸ್ಯ ಮಾಡಿದ್ದೆ. ಆದರೆ ಆ ಕಟ್ಟುನಿಟ್ಟಿನಿಂದ ಊರಿನ ಮಾತಿನಲ್ಲಿ ಒಂದು ನುಡಿ ಹುಟ್ಟಿಕೊಂಡಿತು. ಯಾರಾದರೂ ಆಟ ಬಿಟ್ಟರೆ, ಮದುವೆಯಾಗಿ ಹೊಲ ಹಿಡಿದರೆ, ಮೊಣಕಾಲು ಕೈಕೊಟ್ಟರೆ, "ಅವ ಕಾಯಿ ಆದ" ಎನ್ನುತ್ತಿದ್ದರು. ಅಷ್ಟೇ. ಅದರ ಮೇಲೆ ಅಪೀಲು ಇರಲಿಲ್ಲ.

ನನ್ನ ಅಣ್ಣ ಕಾಯಿ ಆಗಲು ಒಪ್ಪಿರಲಿಲ್ಲ.

ಚಿತ್ರಭಾನು ಸಂವತ್ಸರದ ತಂಡದಲ್ಲಿ ಅವನೇ ಮೊದಲು ದಾಳಿಗೆ ಹೋಗುವವನು. ಅವನ ಬೆನ್ನಿಗೆ ಎರಡನೆಯವನಾಗಿ ಹೋಗುತ್ತಿದ್ದವನು ದರ್ಜಿ ಮಾವನ ಮಗ. ದರ್ಜಿ ಮಾವ ನಮಗೆ ನೆಂಟರಲ್ಲ. ಬೀದಿಯ ತುದಿಯಲ್ಲಿ ಹೊಲಿಗೆ ಮಿಷನ್ನು ಇಟ್ಟುಕೊಂಡಿದ್ದವರು, ಎಲ್ಲರಿಗೂ ಮಾವ. ತಂಡದವರ ಚಡ್ಡಿಗಳನ್ನು ಅವರೇ ಹೊಲಿಯುತ್ತಿದ್ದರು. ಎಳೆದಾಟಕ್ಕೆ ಹರಿಯದಂತೆ ಗೋಣಿಯಷ್ಟು ದಪ್ಪನೆಯ ಖಾಕಿ ಬಟ್ಟೆ, ಹೊಲಿಗೆಯ ಮೇಲೆ ಹೊಲಿಗೆ. ಅಣ್ಣನೂ ಅವರ ಮಗನೂ ಬೆಳಗಾದರೆ ಒಟ್ಟಿಗೆ ಹೊಳೆಗೆ ಹೋಗುವವರು, ಒಂದೇ ತಟ್ಟೆಯಲ್ಲಿ ಮಂಡಕ್ಕಿ ತಿನ್ನುವವರು. ಆ ಹುಡುಗನಿಗೆ ಓದು ಹತ್ತಲಿಲ್ಲ. ಆದರೆ ನನ್ನನ್ನು ಕಂಡರೆ, "ಪಂಡಿತ್ರು ಬಂದ್ರು, ಕುಂಡ್ರಾಕೆ ಜಾಗ ಬಿಡ್ರಿ" ಎಂದು ಕಾಲೆಳೆಯುತ್ತಿದ್ದ.

ಅದು ಯುದ್ಧದ ಕಾಲ. ಪೆಟ್ರೋಲು ಸಿಗದೆ ಬಸ್ಸಿನ ಬೆನ್ನಿಗೆ ಇದ್ದಿಲ ಒಲೆ ಕಟ್ಟಿ ಓಡಿಸುತ್ತಿದ್ದರು. ನ್ಯಾಮತಿಯಲ್ಲಿ ಗೆದ್ದರು, ಚನ್ನಗಿರಿಯಲ್ಲಿ ಗೆದ್ದರು. ಚನ್ನಗಿರಿಯಿಂದ ಬರುವಾಗ ಏರು ಬಂದಲ್ಲೆಲ್ಲ ಗೆದ್ದವರೇ ಇಳಿದು ಬಸ್ಸು ತಳ್ಳಿದರಂತೆ. ಜಗಳೂರಿಗೆ ಹೋಗಬೇಕಾದ ವಾರ ಬಸ್ಸು ಹೊರಡಲೇ ಇಲ್ಲ. ಹೀಗೆ ತಡವಾಗಿ ತಡವಾಗಿ ಯುಗಾದಿ ಬಂತು. ಬೇವು ಬೆಲ್ಲ ತಿಂದ ಮೇಲೆ, ಸ್ವಭಾನು ಸಂವತ್ಸರ ಹುಟ್ಟಿದ ಮೇಲೆ, ಜಗಳೂರಿಗೆ ಹೋದರು. ಯುಗಾದಿ ದಾಟಿ ಆಡಿದ್ದು ಅದೇ ಮೊದಲು.

ಆ ಪಂದ್ಯಕ್ಕೆ ನಾನೂ ಹೋಗಿದ್ದೆ. ನಮ್ಮವರು ಮರಳಿನ ಮೇಲೆ ಬೆಳೆದವರು. ಅಲ್ಲಿಯದು ಗೊರಚು ನೆಲ, ಬಿದ್ದರೆ ಚರ್ಮ ಅಲ್ಲೇ ಉಳಿಯುತ್ತದೆ. ಸಂಜೆಯ ಹೊತ್ತಿಗೆ ಆಟ ಸಮಸಮ ನಡೆದಿತ್ತು. ಅಣ್ಣ ದಾಳಿಗೆ ಹೋದ. ಇಬ್ಬರು ಹಿಡಿದರು, ಮೇಲೆ ಮತ್ತಿಬ್ಬರು ಬಿದ್ದರು. ಅವನು ಉಸಿರು ಬಿಡದೆ ಕೈ ಚಾಚಿ ಗೆರೆ ಮುಟ್ಟಿದ. ಆದರೆ ಎದ್ದು ನಿಲ್ಲಲಾಗಲಿಲ್ಲ. ಮೊಣಕಾಲು ಇರಬೇಕಾದ ದಿಕ್ಕಿನಲ್ಲಿರಲಿಲ್ಲ. ದರ್ಜಿ ಮಾವನ ಮಗ ಅವನನ್ನು ಹೆಗಲ ಮೇಲೆ ಹೊತ್ತು ಹೊರಗೆ ತಂದ. ಗೆರೆ ಮುಟ್ಟಿದ್ದು ಉಸಿರಿರುವಾಗಲೋ ಹೋದ ಮೇಲೋ ಎಂದು ಎರಡೂ ಕಡೆಯವರು ಕೂಗಾಡುತ್ತಿರುವಾಗಲೇ ಬಸ್ಸಿನವನು ಹಾರ್ನು ಹೊಡೆಯತೊಡಗಿದ. ಉಳಿದದ್ದನ್ನು ಇನ್ನೊಂದು ದಿನ ಆಡೋಣ ಎಂದು ಮೇಷ್ಟ್ರು ಜಗಳೂರಿನವರ ಕೈ ಕುಲುಕಿ ಬಂದರು. ಆ ಇನ್ನೊಂದು ದಿನ ಬರಲೇ ಇಲ್ಲ. ಮಳೆಗಾಲದಲ್ಲಿ ದರ್ಜಿ ಮಾವನ ಮಗನಿಗೆ ವಿಷಮಜ್ವರ ಬಂತು. ಅಣ್ಣ ಮಂಚದ ಮೇಲೆ ಕಾಲಿಗೆ ಪಟ್ಟಿ ಕಟ್ಟಿಸಿಕೊಂಡು ಮಲಗಿದ್ದ. ಗೆಳೆಯನ ಹೆಣಕ್ಕೆ ಹೆಗಲು ಕೊಡಲೂ ಅವನಿಂದ ಆಗಲಿಲ್ಲ.

ಎರಡು ವರ್ಷ ಕಳೆಯಿತು. ಚಿತ್ರಭಾನುವಿನ ಉಳಿದ ಐವರೂ ಒಬ್ಬೊಬ್ಬರಾಗಿ ಆಟ ಬಿಟ್ಟರು, ಹೊಸ ಹುಡುಗರು ತಂಡ ಸೇರಿದರು. ಅಣ್ಣ ಮಾತ್ರ ದಿನಾ ಬೆಳಗ್ಗೆ ಬಲಗಾಲಿಗೆ ಎಣ್ಣೆ ತಿಕ್ಕಿಕೊಂಡು, ಆ ಖಾಕಿ ಚಡ್ಡಿ ಹಾಕಿಕೊಂಡು, ಹೊಳೆಗೆ ಹೋಗುತ್ತಿದ್ದ. ಮರಳಿನಲ್ಲಿ ಒಬ್ಬನೇ ಗೆರೆ ಎಳೆದು ಒಬ್ಬನೇ ದಾಳಿ ಮಾಡುತ್ತಿದ್ದ. ಬಟ್ಟೆ ಒಗೆಯುವ ಹೆಂಗಸರು ಮೊದಮೊದಲು ನೋಡಿ ನಕ್ಕರು. ಆಮೇಲೆ ನೋಡುವುದನ್ನೇ ಬಿಟ್ಟರು. ಬರುವ ಸಂಕ್ರಾಂತಿಗೆ ಇಳೀತೀನಿ ಎಂದು ಅವನು ಹೇಳುವುದು, ಅವ್ವ ಹೂಂ ಎನ್ನುವುದು, ಸಂಕ್ರಾಂತಿ ಬಂದು ಹೋಗುವುದು, ಹೀಗೆ ನಡೆದಿತ್ತು. ಬೀದಿಯಲ್ಲಿ ಅವನ ಮುಂದೆ ಯಾರೂ ಆ ನುಡಿಯನ್ನು ಆಡಲಿಲ್ಲ.

ಪಾರ್ಥಿವ ಸಂವತ್ಸರದ ಬೇಸಿಗೆ ರಜೆಗೆ ನಾನು ಊರಿಗೆ ಬಂದಾಗ ಮೇಷ್ಟ್ರು ಸಾರಿಬಿಟ್ಟಿದ್ದರು: ಈ ಸಲ ಚಿತ್ರಭಾನುವಿನ ತಂಡವನ್ನು ಯುವದ ಮೇಲೆ ಆಡಿಸೋಣ. ಕೇಳಿದ್ದು ದರ್ಜಿ ಮಾವನಂತೆ. ಅವರು ಮಗ ಹೋದಾಗಿನಿಂದ ದಿನಾ ಸಂಜೆ ಮಿಷನ್ನಿಗೆ ಬಟ್ಟೆ ಹೊದಿಸಿ ಜಗಲಿಗೆ ಬಂದು ಕೂರುತ್ತಿದ್ದರು. ಬೇರೆಯವರ ವರ್ಷಗಳು ಆಡುವುದನ್ನು ನೋಡಿ ಎದ್ದು ಹೋಗುತ್ತಿದ್ದರು.

ಅಂದು ರಾತ್ರಿ ಊಟಕ್ಕೆ ಕೂತಾಗ ಅಣ್ಣ ತುತ್ತು ಎತ್ತದೆ ನನ್ನ ಕಡೆ ನೋಡಿದ.

"ನೀನು ಮಾತಾಡಿ ಕಪ್ಪು ಗೆದ್ದೋನಲ್ಲೇನಲೇ. ಹೋಗಿ ನಿಲ್ಸು ಅದನ್ನ."

ಅದು ಬರೀ ಅಡಿಕೆ, ಗಜ್ಜುಗ. ಅದರಿಂದ ನಿನ್ನ ಕಾಲಿಗೆ ಏನೂ ಆಗುವುದಿಲ್ಲ ಎಂದು ನಾನು ತರ್ಕ ಶುರುಮಾಡಿದೆ.

"ಕಾಲಿಗಲ್ಲ" ಎಂದ. "ನನ್ನ ಕಾಯಿ ಇಟ್ರೆ ಮುಗೀತು. ಹೊಸ ಹುಡುಗ್ರು ನಂಗೆ ಜಾಗ ಬಿಡಾಕಿಲ್ಲ. ನಾನಿನ್ನೂ ಆಡೋನು ಅಂತ ನೀನು ಅವರಿಗೆ ಹೇಳು."

ಇದು ವಿಚಿತ್ರ ಸಂಕಟ. ಆ ಆಟಕ್ಕೆ ಯಾವ ಅರ್ಥವೂ ಇಲ್ಲವೆಂದು ವರ್ಷಗಟ್ಟಲೆ ವಾದಿಸಿದವನು ನಾನು. ಈಗ ಅದರ ಕಟ್ಟುನಿಟ್ಟನ್ನೇ ಹಿಡಿದು ಅಣ್ಣನನ್ನು ಉಳಿಸಬೇಕು. ಚರ್ಚಾಕೂಟದಲ್ಲಿ ಚೀಟಿ ಎತ್ತಿ ಯಾವ ಪಕ್ಷ ಬಂದರೂ ಮಾತಾಡುವುದು ನಮಗೆ ಅಭ್ಯಾಸ. ಆದರೆ ಅಲ್ಲಿ ಸೋತರೆ ಯಾರ ಮನೆಯಲ್ಲೂ ಅನ್ನ ಆರುತ್ತಿರಲಿಲ್ಲ.

ಮರುದಿನ ಸಂಜೆ ಜಗಲಿಯ ಮೇಲೆ ಗಜ್ಜುಗಗಳನ್ನು ಸಾಲಾಗಿ ಜೋಡಿಸಿದ್ದರು. ಯುವಕ್ಕೆ ಗೋಟಡಿಕೆ, ಚಿತ್ರಭಾನುವಿಗೆ ಗಜ್ಜುಗ. ಮೊದಲನೆಯದರ ಮೇಲೆ ಗರಗಸದ ಹಲ್ಲಿನಂಥ ಗುರುತು, ಅದು ಅಣ್ಣ. ಎರಡನೆಯದರ ಮೇಲೆ ಒಂದು ಸೂಜಿಯ ಗೆರೆ. ಅದನ್ನು ದರ್ಜಿ ಮಾವ ತಾವೇ ಕೊರೆದಿದ್ದರು; ಕಣ್ಣಿನ ಜಾಗದಲ್ಲಿ ಚಿಕ್ಕ ತೂತು ಕೂಡ ಇತ್ತು.

ನಾನು ಆಕ್ಷೇಪವಿದೆ ಎಂದೆ. ಮೇಷ್ಟ್ರು, ಕವಡೆಗೆ ನೆನಪಿಲ್ಲ ಅಂತ ತಾನೆ, ಗೊತ್ತೈತೆ, ಮುಂದೆ ಹೇಳು ಎಂದರು. ಎಲ್ಲರೂ ನಕ್ಕರು. ಇವತ್ತಿನದು ಬೇರೆ ಎಂದು ಹೇಳಿ ನಾನು ಕೇಳಿದೆ: ನೀವು ಕಲ್ಲಿಗೆ ತರುವುದು ಮುಗಿದ ವರ್ಷವನ್ನು ತಾನೆ? ಹೌದು ಎಂದರು. ವರ್ಷ ಎಂದರೆ ಮೂರೂರಿನ ಆಟ ತಾನೆ? ಹೌದು. ಹಾಗಾದರೆ ಜಗಳೂರಿನ ಆಟ ಯಾವ ಸಂವತ್ಸರದ್ದು? ಬೇವು ಬೆಲ್ಲ ತಿಂದ ಮೇಲೆ ಆಡಿದ್ದು, ಸ್ವಭಾನುವಿನದು. ಅದನ್ನು ಬಿಟ್ಟರೆ ಚಿತ್ರಭಾನುವಿನವರು ಎರಡೇ ಊರು ಆಡಿದವರು, ಮೂರೂರು ಆಡಿದ ಯುವದ ಎದುರು ಕೂರುವ ಯೋಗ್ಯತೆ ಅವರಿಗಿಲ್ಲ. ಅದನ್ನು ಸೇರಿಸಿದಿರೋ, ಆ ಆಟ ಇನ್ನೂ ಮುಗಿದಿಲ್ಲ. ಉಳಿದದ್ದನ್ನು ಇನ್ನೊಂದು ದಿನ ಆಡೋಣ ಎಂದು ಕೈ ಕುಲುಕಿದವರು ನೀವೇ. ಮುಗಿಯದ ಆಟದಲ್ಲಿ ಇರುವವನು ಆಡುವವನೇ. ಆಡೋನ್ನ ಆಡಿಸಬಾರದು.

ಬೆಲ್ಲದ ವ್ಯಾಪಾರಿ, ಇವನ್ನ ಲಾಯರಿಕೆಗೆ ಹಾಕ್ರಿ ಎಂದರು. ಮೇಷ್ಟ್ರು ನಗಲಿಲ್ಲ. ಜಗಳೂರಿನವರು ಇನ್ನು ಆಡಲು ಬರುತ್ತಾರೇನೋ ಎಂದು ಕೇಳಿದರು. ಬರುತ್ತಾರೋ ಇಲ್ಲವೋ ಎಂಬುದು ಪ್ರಶ್ನೆಯಲ್ಲ, ಮುಗಿದಿದೆ ಎಂದು ಎರಡೂ ಕಡೆಯವರು ಒಪ್ಪಿದ್ದಾರೆಯೇ ಎಂಬುದು ಪ್ರಶ್ನೆ ಎಂದೆ. ಅವರು ಕವಡೆಗಳನ್ನು ಕೈಯಲ್ಲಿ ಆಡಿಸಿದರು. ತಾವೇ ಮಾಡಿದ ಕಟ್ಟುನಿಟ್ಟಿಗೆ ತಾವೇ ಸಿಕ್ಕಿಬಿದ್ದ ಮನುಷ್ಯ ಅವರು. ಅದನ್ನು ಮುರಿಯುವ ಜಾತಿಯವರಲ್ಲ. ಕೊನೆಗೆ ಗಜ್ಜುಗಗಳನ್ನು ಒಂದೊಂದಾಗಿ ಎತ್ತಿ ಚೀಲಕ್ಕೆ ಹಾಕತೊಡಗಿದರು.

ಸೂಜಿಯ ಗುರುತಿನದನ್ನು ಎತ್ತುವಾಗ ದರ್ಜಿ ಮಾವ ಅವರ ಕೈಯ ಮೇಲೆ ಕೈ ಇಟ್ಟು ತಡೆದರು. ನನ್ನ ಕಡೆ ತಿರುಗಿದರು. ಕೋಪವಿರಲಿಲ್ಲ. ಅಳತೆ ತಪ್ಪಿದೆಯೇನೋ ಎಂದು ಗಿರಾಕಿಯನ್ನು ಕೇಳುವಾಗ ಇರುತ್ತಿದ್ದ ಮುಖವೇ ಇತ್ತು.

"ನೀನು ಹೇಳಾದು ಸರಿ ಐತಪ್ಪ. ನಂಗೆ ಒಂದು ಹೇಳು. ಚಿತ್ರಭಾನುನಾಗೆ ಇಲ್ಲ ಅಂದಿ, ಸ್ವಭಾನು ಮುಗಿದಿಲ್ಲ ಅಂದಿ. ಹಂಗಾರೆ ನನ್ನ ಮಗ ಯಾವ್ದ್ರಾಗೆ ಅದಾನೆ?"

ಮಗ ಆಡುವವರ ಪಟ್ಟಿಯಲ್ಲೇ ಇದ್ದಾನೆ ಎನ್ನುವುದು ನನ್ನ ವಾದದ ನೇರ ಉತ್ತರ. ಅದು ಬಾಯಿಯವರೆಗೂ ಬಂತು. ಹೇಳಲಿಲ್ಲ.

"ಇಪ್ಪತ್ತಕ್ಕೆ ಹೋದ. ಕಾಯಾಗೇ ಉದುರಿದ. ಇಲ್ಲಾದ್ರೂ ಹಣ್ಣಾಗ್ಲಿ ಅಂತಿದ್ದೆ" ಎಂದು ಹೇಳಿ ಅವರು ಎದ್ದರು. ಚಪ್ಪಲಿ ಹುಡುಕಿಕೊಂಡು ಹೋದರು. ಜಗಲಿಯ ಮೇಲೆ ಯಾರೂ ನನ್ನನ್ನು ಬೈಯಲಿಲ್ಲ.

ಇಲ್ಲಿ ಒಂದು ಮಾತು. ಆ ವಾದದಲ್ಲಿ ದೋಷ ಎಲ್ಲಿದೆ ಎಂದು ಆಮೇಲೆ ಬಹಳ ಸಲ ಹುಡುಕಿದ್ದೇನೆ. ಸಿಕ್ಕಿಲ್ಲ. ಈಗ ನಡೆಯುತ್ತಿರುವುದು ವಿರೋಧಿ ಸಂವತ್ಸರ, ನಿನಗೆಂದೇ ಇಟ್ಟ ಹೆಸರು ಎಂದು ಗೆಳೆಯರು ಚುಡಾಯಿಸುತ್ತಾರೆ. ಇಂದು ಆ ಜಗಲಿಯ ಮುಂದೆ ನಿಲ್ಲಿಸಿದರೂ ಹಾಗೆಯೇ ವಾದಿಸುತ್ತೇನೆ. ಆದರೆ ಸರಿಯಾದ ವಾದ ಎನ್ನುವುದು ಚೆನ್ನಾಗಿ ಹೊಲಿದ ಅಂಗಿಯ ಹಾಗೆ. ಯಾರ ಅಳತೆಗೆ ಹೊಲಿದದ್ದೋ ಅವರಿಗೆ ಸರಿ. ಪಕ್ಕದವನು ಬರಿಮೈಯಲ್ಲಿ ನಿಂತಿದ್ದಾನೆ ಎಂಬುದು ಅಂಗಿಗೆ ಗೊತ್ತಾಗುವುದಿಲ್ಲ.

ಮನೆಗೆ ಬಂದು ಅಣ್ಣನಿಗೆ ಗೆದ್ದೆ ಎಂದೆ. ಅವನ ಮುಖ ಅರಳಿತು. ಹಿತ್ತಲಲ್ಲಿ ನಿಂತು ಏನು ಕೇಳಿದರು, ನೀನೇನು ಹೇಳಿದೆ ಎಂದು ಪೂರ್ತಿ ಒಪ್ಪಿಸಿಕೊಂಡ. ಮೇಷ್ಟ್ರು ಸಿಕ್ಕಿಬಿದ್ದ ಕಡೆ ತೊಡೆ ತಟ್ಟಿ ನಕ್ಕ. ದರ್ಜಿ ಮಾವ ಕೇಳಿದ್ದನ್ನು ಹೇಳದೆ ಬಿಡಬಹುದಿತ್ತು. ವರದಿ ಎಂದರೆ ಪೂರ್ತಿ ವರದಿ ಎಂಬ ನನ್ನ ಚಟ, ಹೇಳಿದೆ. ಅಣ್ಣನ ನಗು ನಿಂತಿತು. ಅವನು ಒಳಗೆ ಹೋಗಿ ಮಲಗಿದ.

ಬೆಳಗ್ಗೆ ನನ್ನನ್ನು ಎಬ್ಬಿಸಿ ಹೊಳೆಗೆ ಬಾ ಎಂದ. ಯಾಕೆಂದು ಹೇಳಲಿಲ್ಲ. ಮರಳಿನ ಮೇಲೆ ಹಿಮ್ಮಡಿಯಿಂದ ಗೆರೆ ಎಳೆದ.

"ಆ ಕಡೆ ನಿಂತ್ಕ. ನಾನು ಬರ್ತೀನಿ. ಹಿಡಿ."

ನನಗೆ ಹಿಡಿಯಲು ಬರುವುದಿಲ್ಲ ಎಂದೆ.

"ಅದಕ್ಕೇ ನಿನ್ನ ಕರ್ದಿದ್ದು. ನಿನ್ ಕೈಯಾಗೆ ಸಿಕ್ರೆ ಇನ್ಯಾರನ್ನೂ ಕೇಳಾದು ಬ್ಯಾಡ. ಬೇಕಂತ ಬಿಟ್ಟೀಯ, ನೋಡು ಮತ್ತೆ."

ಅವನು ಬಂದ. ಕಬಡ್ಡಿ ಕಬಡ್ಡಿ ಎಂಬ ಅವನ ದನಿಯಲ್ಲಿ ಏನೂ ಕಡಿಮೆಯಾಗಿರಲಿಲ್ಲ. ಕಣ್ಣು ಮುಚ್ಚಿದರೆ ಚನ್ನಗಿರಿಯ ದಿನದ್ದೇ ದನಿ. ಕಣ್ಣು ತೆರೆದರೆ ಬಲಗಾಲು ಮರಳಿನಲ್ಲಿ ಗೆರೆ ಎಳೆಯುತ್ತ ಹಿಂದೆ ಬರುತ್ತಿತ್ತು. ಎಡಕ್ಕೆ ಬಾಗಿದ, ನನ್ನ ಭುಜ ಮುಟ್ಟಿದ, ತಿರುಗಿದ. ತಿರುಗುವಲ್ಲಿ ಆ ಕಾಲು ತಡವಾಯಿತು. ನಾನು ಬಿದ್ದು ಅದರ ಪಾದವನ್ನು ಎರಡೂ ಕೈಯಲ್ಲಿ ತಬ್ಬಿ ಹಿಡಿದೆ. ಅವನು ಮುಂದಕ್ಕೆ ಬಿದ್ದ. ಬೆರಳುಗಳಿಂದ ಮರಳು ಬಗೆಯುತ್ತ ಗೆರೆಯ ಕಡೆ ಎಳೆದುಕೊಂಡ. ಗೆರೆ ದೂರವೇನೂ ಇರಲಿಲ್ಲ. ಬಿಟ್ಟುಬಿಡಲೇ ಎನಿಸಿತು. ಬಿಟ್ಟರೆ ಅವನಿಗೆ ತಿಳಿಯುತ್ತಿತ್ತು. ನನಗಿಂತ ಗಟ್ಟಿ ಕೈಗಳಿಂದ ಬಿಡಿಸಿಕೊಂಡು ಬಂದವನು ಅವನು. ನಾನು ಇನ್ನೂ ಬಿಗಿಯಾಗಿ ಹಿಡಿದೆ. ಕಬಡ್ಡಿ ಕಬಡ್ಡಿ ಸಣ್ಣದಾಗುತ್ತ ಬಂತು, ಬರೀ ಡಿ ಡಿ ಎಂದಾಯಿತು, ನಿಂತಿತು. ಅಗಸರ ಕಲ್ಲಿನ ಮೇಲೆ ಯಾರೋ ಬಟ್ಟೆ ಒಗೆಯುವ ಸದ್ದು ಮಾತ್ರ ಕೇಳುತ್ತಿತ್ತು.

ಆಡುವವನೆಂದು ಹಿಂದಿನ ಸಂಜೆ ಬಾಯಿಯಿಂದ ಸಾಬೀತು ಮಾಡಿದ್ದೆ. ಬೆಳಗಾಗುವುದರಲ್ಲಿ ನನ್ನ ಕೈಗಳು ಅದನ್ನು ಅಲ್ಲಗಳೆದಿದ್ದವು. ಅವನು ಮಗ್ಗುಲಾಗಿ ಎದ್ದು ಕೂತ. ಬಾಯಿಗೆ ಹೋದ ಮರಳು ಉಗುಳಿದ.

"ನಿನ್ ಕನ್ನಡಕ ಎಲ್ಲಿ ಬಿತ್ತು ನೋಡ್ಕ" ಎಂದ. "ತುಳಿದುಗಿಳಿದೀಯ."

ಆ ಸಂಜೆ ಅಣ್ಣನೇ ಜಗಲಿಗೆ ಹೋದ. ಅವನು ಅಲ್ಲಿಗೆ ಕಾಲಿಟ್ಟದ್ದು ಅದೇ ಮೊದಲು. ಆಡುವವರು ಅತ್ತ ಹೋಗುತ್ತಿರಲಿಲ್ಲ. ಜಗಳೂರಿನಲ್ಲಿ ಗೆರೆ ಮುಟ್ಟುವ ಮೊದಲೇ ತನ್ನ ಉಸಿರು ಹೋಗಿತ್ತು, ಆ ಆಟ ಅಲ್ಲಿಗೇ ಮುಗಿಯಿತು, ಸೋತೆವು ಎಂದು ಮೇಷ್ಟ್ರಿಗೆ ಹೇಳಿದ. ನಾನು ಬೆಚ್ಚಿದೆ. ಅವನು ಗೆರೆ ಮುಟ್ಟಿದಾಗ ಉಸಿರಿತ್ತು. ಪಕ್ಕದಲ್ಲಿ ನಿಂತು ನಾನು ಕೇಳಿದ್ದೆ. ಮೇಷ್ಟ್ರೂ ಕೇಳಿದ್ದರು. ಅವರು ಅಣ್ಣನ ಮುಖವನ್ನೊಮ್ಮೆ ನೋಡಿ, ನನ್ನ ಕಡೆ ತಿರುಗಿ, ಆಕ್ಷೇಪ ಐತೇನಪ್ಪ ಎಂದರು. ಇಲ್ಲ ಎಂದೆ. ನನ್ನ ಜೀವನದಲ್ಲಿ ಸುಳ್ಳೊಂದು ಕಣ್ಣೆದುರು ಗೆದ್ದು ಹೋಗಲು ನಾನು ಸುಮ್ಮನೆ ಬಿಟ್ಟದ್ದು ಆಗೊಮ್ಮೆ ಮಾತ್ರ.

ದರ್ಜಿ ಮಾವನನ್ನು ಕರೆಸಿದರು. ಚಿತ್ರಭಾನುವಿನ ಪರವಾಗಿ ಎಸೆಯಲು ಕವಡೆ ಅವರ ಕೈಗೆ ಕೊಟ್ಟರು. ಅಣ್ಣ ತನ್ನ ಗಜ್ಜುಗವನ್ನು ತಾನೇ ಎತ್ತಿ ಹೊರಡುವ ಮನೆಯಲ್ಲಿಟ್ಟ.

ಆಟದಲ್ಲಿ ನಡೆದದ್ದನ್ನು ನಾನು ಕಂಡ ಹಾಗೆ ಹೇಳುತ್ತೇನೆ, ಅರ್ಥ ಹಚ್ಚುವುದಿಲ್ಲ. ಅಣ್ಣನ ಕಾಯಿಗೆ ಎಸೆದಾಗಲೆಲ್ಲ ಚೌಕ, ಬಾರದಂಥ ದೊಡ್ಡ ಎಸೆತಗಳೇ ಬಿದ್ದವು. ಯಾರ ಕೈಗೂ ಸಿಕ್ಕದೆ ಸುತ್ತು ಹೊಡೆದು, ಹದಿನಾಲ್ಕು ಕಾಯಿಗಳಲ್ಲಿ ಮೊದಲು ಹಣ್ಣಾದದ್ದು ಅದೇ. ಭಲೇ ಎಂದು ಯುವದವರೇ ಅವನ ಬೆನ್ನು ತಟ್ಟಿದರು. ಹಣ್ಣಾದದ್ದನ್ನು ಕಲ್ಲಿನಿಂದ ತೆಗೆಯುವುದು ಪದ್ಧತಿ. ಅಣ್ಣ ಅದನ್ನು ಎತ್ತಿ ಅಂಗಿಯ ಜೇಬಿಗೆ ಹಾಕಿಕೊಂಡ.

ಸೂಜಿಯ ಗುರುತಿನ ಕಾಯಿ ಅರ್ಧ ಸುತ್ತು ಹೋಗಿ ಕಡಿಸಿಕೊಂಡಿತು. ಅಯ್ಯೋ ಎಂದರು ಕೂತವರು. ದರ್ಜಿ ಮಾವ ಅದನ್ನು ಎತ್ತಿ ಹೊರಟ ಮನೆಯಲ್ಲಿಟ್ಟು, "ಮನೆಗೆ ಬಂದ" ಎಂದರು. ದನಿಯಲ್ಲಿ ಬೇಸರವಿರಲಿಲ್ಲ. ಮತ್ತೆ ಹೊರಟಿತು. ಈ ಸಲ ನಡುಮನೆಯ ಹತ್ತಿರ ಬಂದಿತ್ತು. ಬಿದ್ದ ಕವಡೆಗೆ ಬೇರೆ ಕಾಯಿ ನಡೆಸಬಹುದಿತ್ತು. ಅವರು ಅದನ್ನೇ ನಡೆಸಿ, ಯುವದ ಗೋಟಡಿಕೆಯ ಬಾಯಿಗೆ ಸರಿಯಾಗಿ ಇಟ್ಟರು. ನಾನು ನೋಡಿದೆ. ಮೇಷ್ಟ್ರೂ ನೋಡಿದರು. ಅದು ಕಡಿದುಹೋಯಿತು. "ಬಂದ" ಎಂದು ಮಾವ ಎತ್ತಿಕೊಂಡರು. ಹೆಬ್ಬೆರಳಿನಿಂದ ಒರೆಸಿ ಮನೆಯಲ್ಲಿಟ್ಟರು. ಹಣ್ಣಾಗಲಿ ಎಂದು ಬೇಡಿಕೊಂಡಿದ್ದ ಮನುಷ್ಯನಿಗೆ, ಹಣ್ಣಾದರೆ ಕಲ್ಲು ಬಿಟ್ಟು ಹೋಗುತ್ತದೆ ಎಂಬುದು ಅಣ್ಣನ ಕಾಯಿ ಜೇಬಿಗೆ ಹೋದಾಗ ಹೊಳೆದಿರಬೇಕು. ಯುವದವರು ಗೆಲ್ಲುತ್ತ ಬಂದರು. ಮಾವನಿಗೆ ಅದರ ಗೊಡವೆ ಇರಲಿಲ್ಲ. ಬೆಳಕು ಹೋಗಿ ಗುರುತುಗಳು ಕಾಣದಂತಾದಾಗ ಮೇಷ್ಟ್ರು, ಉಳಿದದ್ದು ನಾಳೆ ನೋಡೋಣ ಎಂದರು. ಹಾಗೆಂದ ಕೂಡಲೇ ತಾವು ಹೇಳಿದ್ದೇನೆಂದು ಅವರಿಗೆ ಗೊತ್ತಾಗಿ ನಾಲಿಗೆ ಕಚ್ಚಿಕೊಂಡರು. ದರ್ಜಿ ಮಾವ ಮಾತ್ರ, "ಆಗ್ಲಿ, ನಾಳೆ" ಎಂದು ಗಟ್ಟಿಯಾಗಿ ಒಪ್ಪಿಕೊಂಡರು. ಅಣ್ಣ ಅಷ್ಟು ಹೊತ್ತಿಗೆ ಎದ್ದು ಹೋಗಿದ್ದ.

ಮರುದಿನ ಬೆಳಗ್ಗೆ ಅವನು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ನಿದ್ದೆಯಿರಲಿಲ್ಲ. ಒಲೆ ಹಚ್ಚುತ್ತಿದ್ದ ಅವ್ವ, ಹೊತ್ತಾಯಿತು, ಹೊಳೆಗೆ ಹೋಗಲ್ಲವೇನೋ ಎಂದು ಕೇಳಿದಳು. ಮರಳು ತಣ್ಣಗಿರುತ್ತದೆ ಎಂದ. ವೈಶಾಖದ ಮರಳು ತಣ್ಣಗಿರುವುದಿಲ್ಲ. ಅವ್ವ ನನ್ನ ಕಡೆ ನೋಡಿದಳು, ನಾನು ಒಲೆಯ ಕಡೆ ನೋಡಿದೆ.

ಅಂಬಲಿಯ ಗಡಿಗೆ ಉಕ್ಕಿ ಬಂತು. ಅವ್ವ ಸೆರಗನ್ನೇ ಕೈಗೆ ಸುತ್ತಿಕೊಂಡು ಇಳಿಸಲು ಹೋದಳು. ಅಣ್ಣ ಎದ್ದು ಕುಂಟುತ್ತ ಹೋಗಿ ಹಗ್ಗದ ಮೇಲಿದ್ದ ಖಾಕಿ ಚಡ್ಡಿಯನ್ನು ಎಳೆದು, ಎರಡು ಮಡಿಕೆ ಮಾಡಿ ಅವಳ ಕೈಗೆ ಕೊಟ್ಟ.

"ಸೆರಗು ಸುಟ್ಕಂತೀಯ ಕಣವ್ವ. ಇದ್ರಾಗೆ ಹಿಡಿ. ದಪ್ಪ ಐತೆ."